ಸಿಡಿಯ ಕಾಲದ ಕನ್ನಡ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಬಹು ದೂರವಲ್ಲದ ಮಾವಿನ ತೋಪುಗಳ ಸೀಮೆಯೊಳಗೆ, ಯಲ್ದೂರು ಎಂಬುದೊಂದು ಹೋಬಳಿ ಕೇಂದ್ರ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ, ಅರ್ಜಿಯನ್ನು ಕನ್ನಡದಲ್ಲಿ ಬರೆಯಿಸಿ ಅದರೊಳಗಣ ವಿಷಯವನ್ನು ಜಗಲಿಯ ಮೇಲೆ ತೆಲುಗಿನಲ್ಲಿ ಚರ್ಚಿಸುವ ಜನ ಹೇರಳವಾಗಿರುವ ಈ ಸೀಮೆಗೆ ಗಣಕಯಂತ್ರವು ಬಂದದ್ದು, ನಮ್ಮ ನಾಡಿನ ಬಹುತೇಕ ಹೋಬಳಿಗಳಿಗೆ ಬಂದಂತೆಯೇ, ಇಪ್ಪತ್ತನೆಯ ಶತಮಾನವು ಮುಗಿದು ಇಪ್ಪತ್ತೊಂದನೆಯದು ಮೊದಲಾಗುತ್ತಿದ್ದ ಸಂಧಿಕಾಲದಲ್ಲಿ. ಯಂತ್ರವನ್ನು ಪಟ್ಟಣದಿಂದ ಗಾಡಿಯ ಮೇಲೆ ಹೇರಿ ತರಬಹುದು. ಆದರೆ ಅದಕ್ಕೆ ಚೈತನ್ಯವನ್ನು ಕೊಡುವ ತಂತ್ರಾಂಶ, ಅದರಲ್ಲಿಯೂ ಕನ್ನಡವನ್ನು ಬರೆಯಬಲ್ಲ ತಂತ್ರಾಂಶ, ಇಂಥ ಊರುಗಳಿಗೆ ಯಾವ ಮಾರ್ಗದಿಂದ ಬರಬೇಕು? ದೂರವಾಣಿಯ ತಂತಿ ಇದ್ದ ಕಡೆಯಲ್ಲಿ ಮಾತೇ ಸರಿಯಾಗಿ ಕೇಳಿಸದಿದ್ದ ಆ ದಿನಗಳಲ್ಲಿ ಅದು ಬಂದದ್ದು ಯಾರದೋ ಕೈಚೀಲದೊಳಗೆ, ಬಸ್ಸಿನಲ್ಲಿ, ಅಂಗೈಯಗಲದ ಹೊಳೆಯುವ ತಟ್ಟೆಯೊಂದರ ರೂಪದಲ್ಲಿ. ಜನರ ಬಾಯಲ್ಲಿ ಸಿಡಿಯೆಂದು ನಿಂತ ಆ ತಟ್ಟೆಯ ಆಳ್ವಿಕೆಯು ಸ್ಥೂಲವಾಗಿ 1996ರಿಂದ 2011ರವರೆಗೆ, ಒಂದೂವರೆ ದಶಕ ನಡೆಯಿತು. ಆ ಒಂದೂವರೆ ದಶಕದ ವೃತ್ತಾಂತವೇ ಈ ಲೇಖನದ ವಸ್ತು.

ಆ ಸಿಡಿಗಳನ್ನು ಸಿದ್ಧಪಡಿಸಿದವರು ನಾನಾ ದೇಶದವರು, ನಾನಾ ಉದ್ದೇಶದವರು. ಆದರೂ ಅವರೆಲ್ಲರ ಮುಂದೆ ಇದ್ದ ಸಮಸ್ಯೆ ಒಂದೇ ಆಗಿತ್ತು. ಗಣಕವನ್ನು ಹಿಂದೆಂದೂ ಮುಟ್ಟಿರದವನೊಬ್ಬನು ತಟ್ಟೆಯನ್ನು ಒಳಗಿಟ್ಟು ಸುಮ್ಮನೆ ಕುಳಿತರೆ, ಮುಂದಿನ ಕಾರ್ಯವು ತಾನೇ ತಾನಾಗಿ ತೊಡಗಬೇಕು. ಅವನು ಕಂಠಪಾಠ ಮಾಡಬೇಕಾದ ಆಜ್ಞೆಯಾಗಲಿ, ಬೇರೊಬ್ಬ ತಜ್ಞನನ್ನು ಬೇಡಿಕೊಳ್ಳಬೇಕಾದ ದೈನ್ಯವಾಗಲಿ ಉಂಟಾಗಬಾರದು. ಹೀಗೆ ಒಬ್ಬನಿಗೆ ಸುಲಭವಾಗಬೇಕಾದರೆ ಅವನು ಪಡಬೇಕಾಗಿದ್ದ ಕಷ್ಟವನ್ನು ಇನ್ನೊಬ್ಬನು ಮುಂಚಿತವಾಗಿಯೇ ಪಟ್ಟಿರಬೇಕು. ಶ್ರೀನಿವಾಸಪುರದ ಮಂಡಿಯಲ್ಲಿ ಹಣ್ಣನ್ನು ಕೊಂಡು ತಿನ್ನುವವನಿಗೆ ಅದು ಸಿಹಿಯಾಗಿರುವುದು ಸಹಜವೆಂದೇ ತೋರುತ್ತದೆ. ಎಷ್ಟೋ ವರ್ಷಗಳ ಹಿಂದೆ ಆ ಗಿಡಕ್ಕೆ ಕಸಿ ಕಟ್ಟಿದವನ ಕೈಯನ್ನು ಅವನು ಕಂಡಿರುವುದಿಲ್ಲ. ಸಿಡಿಯ ಇತಿಹಾಸವನ್ನು ಬರೆಯುವುದೆಂದರೆ, ಆ ಶ್ರಮವನ್ನು ಪಟ್ಟವರು ಯಾರು, ಪಟ್ಟ ಫಲವನ್ನು ಅವರು ಯಾವ ಷರತ್ತಿನ ಮೇಲೆ ಹಂಚಿದರು ಎಂಬುದನ್ನು ಬರೆಯುವುದು.

ಸಿಡಿಗೆ ಮುಂಚಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಅನಂತ ಸುಬ್ಬರಾಯರ ವಿನ್ಯಾಸದ ಕನ್ನಡ ಬೆರಳಚ್ಚು ಯಂತ್ರವು ತಾಲ್ಲೂಕು ಕಚೇರಿಗಳಲ್ಲಿ ಟಕಟಕಿಸುತ್ತಿದ್ದ ಕಾಲಕ್ಕೆ ಕನ್ನಡವನ್ನು ಯಂತ್ರದಲ್ಲಿ ಬರೆಯುವುದು ಒಂದು ವೃತ್ತಿವಿದ್ಯೆಯಾಗಿತ್ತು. ಅದಕ್ಕೆ ತರಬೇತಿ ಬೇಕು, ಪರೀಕ್ಷೆ ಬೇಕು, ಪ್ರಮಾಣಪತ್ರ ಬೇಕು. ಗಣಕಗಳು ಬಂದ ಮೇಲೆ ಶ್ರೀಲಿಪಿ, ಪ್ರಕಾಶಕ ಮೊದಲಾದ ತಂತ್ರಾಂಶಗಳು ಹುಟ್ಟಿದವಾದರೂ ಅವು ಮುಖ್ಯವಾಗಿ ಮುದ್ರಣಾಲಯಗಳಿಗೂ ಪತ್ರಿಕಾಲಯಗಳಿಗೂ ಉದ್ದಿಷ್ಟವಾದವು. ಹಣ ಕೊಟ್ಟು ಕೊಳ್ಳಬೇಕಾದವು. ಕೆಲವಕ್ಕಂತೂ, ಒಂದರಿಂದ ಎರಡಾಗದಿರಲೆಂದು, ಯಂತ್ರದ ಹಿಂಬದಿಗೆ ಸಿಕ್ಕಿಸಬೇಕಾದ ಬೀಗವೊಂದು ಜೊತೆಗೂಡಿರುತ್ತಿತ್ತು. ಮೇಲಾಗಿ ಒಬ್ಬೊಬ್ಬರ ಅಕ್ಷರಸಂಕೇತವೂ ಒಂದೊಂದು ಬಗೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದಲಾರದು. ದುಡ್ಡುಳ್ಳವನಿಗೆ ಮಾತ್ರ ದಕ್ಕುವ, ದಕ್ಕಿದರೂ ನೆರೆಯವನೊಡನೆ ಹಂಚಿಕೊಳ್ಳಲಾಗದ ಕನ್ನಡವು ಹೋಬಳಿಗಳವರೆಗೆ ನಡೆದುಬರುವ ಸಂಭವವೇ ಇರಲಿಲ್ಲ.

ಈ ಗೋಡೆಯಲ್ಲಿ ಮೊದಲ ಬಾಗಿಲನ್ನು ತೆರೆದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಸಿಂಧೂ ಲಿಪಿಯ ಗಣಕೀಕೃತ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರೊಡನೆ ಕೈಗೂಡಿಸಿ, ಮುದ್ರಣದ ಅಕ್ಷರವಿನ್ಯಾಸದಲ್ಲಿಯೂ ಪರಿಶ್ರಮವನ್ನು ಸಂಪಾದಿಸಿದ್ದ ಈ ವಿದ್ವಾಂಸರು ಕನ್ನಡ ವರ್ಣಮಾಲೆಯ ಒಂದು ಸಹಜ ಗುಣವನ್ನು ಹಿಡಿದುಕೊಂಡರು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಸಾವಿರಾರು; ಆದರೆ ಅವೆಲ್ಲವೂ ಐವತ್ತರ ಆಸುಪಾಸಿನ ಮೂಲಧ್ವನಿಗಳ ಸಂಯೋಗಗಳು. ಬರೆಯುವವನು ಧ್ವನಿಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಒತ್ತುತ್ತ ಹೋದರೆ ಅವುಗಳನ್ನು ಜೋಡಿಸಿ ರೂಪಕ್ಕೆ ತರುವ ಭಾರವನ್ನು ಯಂತ್ರವೇ ವಹಿಸಬಹುದು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳೇ, ಶಿಫ್ಟ್ ಕೀಲಿಯ ನೆರವಿನಿಂದ, ಸಾಕಾಗುತ್ತವೆ. ಈ ತತ್ತ್ವದ ಮೇಲೆ ಅವರು ರಚಿಸಿದ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಕೊಟ್ಟರು. ಮುಂದೆ ಕನ್ನಡದಲ್ಲಿ ಸುಲಭವೆನಿಸಿಕೊಂಡ ಬರೆಹ ಸಾಧನಗಳಲ್ಲಿ ಬಹುತೇಕವು ಈ ತತ್ತ್ವದ ಋಣವನ್ನು ಹೊತ್ತಿವೆ.

ಇನ್ನು ತಟ್ಟೆಯ ವಿಷಯ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸಂಗೀತಕ್ಕಾಗಿ ನಿರ್ಮಿಸಿದ 12 ಸೆಂಟಿಮೀಟರ್ ವ್ಯಾಸದ ಸಿಡಿಯು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದರ ಮೇಲೆ ಗಣಕದ ದತ್ತಾಂಶವನ್ನು ಬರೆಯುವ ವಿಧಾನವು ಮರುವರ್ಷ ನಿಶ್ಚಿತವಾಯಿತು. ಯಾವ ಕಂಪನಿಯ ಯಂತ್ರದಲ್ಲಾದರೂ ಅದನ್ನು ಓದಬಹುದಾದಂತೆ ಅಂತರರಾಷ್ಟ್ರೀಯ ಶಿಷ್ಟತೆಯೊಂದು 1988ರಲ್ಲಿ ಏರ್ಪಟ್ಟಿತು. ಅದಕ್ಕೆ ಮುಂಚೆ ಗಣಕದ ದತ್ತಾಂಶವನ್ನು ಒಯ್ಯುತ್ತಿದ್ದ ಫ್ಲಾಪಿಯ ಸಾಮರ್ಥ್ಯ 1.44 ಮೆಗಾಬೈಟ್, ಸಿಡಿಯದು ಸುಮಾರು 650 ಮೆಗಾಬೈಟ್. ಅಂದರೆ ಒಂದು ತಟ್ಟೆಯು ನಾನೂರೈವತ್ತು ಫ್ಲಾಪಿಗಳಿಗೆ ಸಮ. ವಿಂಡೋಸ್ 95ನ್ನು ಫ್ಲಾಪಿಗಳಲ್ಲಿ ಕೊಂಡವನು ಹದಿಮೂರು ತುಂಡುಗಳನ್ನು ಒಂದಾದ ಮೇಲೊಂದರಂತೆ ಕ್ರಮ ತಪ್ಪದೆ ಉಣಿಸಬೇಕಾಗಿತ್ತು. ನಡುವೆ ಒಂದು ಕೆಟ್ಟಿದ್ದರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಸಿಡಿಯಲ್ಲಿ ಆ ಗೋಳೇ ಇಲ್ಲ.

ಇದಲ್ಲದೆ 1995ನೆಯ ಇಸವಿಯು ಸಿಡಿಗೆ ಎರಡು ಹೊಸ ಶಕ್ತಿಗಳನ್ನು ತಂದುಕೊಟ್ಟಿತು. ಮೊದಲನೆಯದು ವಿಂಡೋಸ್ 95ರೊಡನೆ ಬಂದ ಆಟೋರನ್ ವ್ಯವಸ್ಥೆ. ತಟ್ಟೆಯ ಮೂಲದಲ್ಲಿ ಅದೇ ಹೆಸರಿನ ಒಂದು ಪುಟ್ಟ ಕಡತವನ್ನಿಟ್ಟು, ಇಂಥ ಕಾರ್ಯಕ್ರಮವನ್ನು ತೆರೆ, ಇಂಥ ಚಿತ್ರವನ್ನು ತೋರಿಸು ಎಂದು ಎರಡು ಮೂರು ಸಾಲುಗಳಲ್ಲಿ ಬರೆದಿಟ್ಟರೆ, ತಟ್ಟೆ ಒಳಸೇರಿದ ಕೂಡಲೆ ಯಂತ್ರವು ಆ ಸಾಲುಗಳನ್ನು ಓದಿ ಹೇಳಿದಂತೆ ನಡೆಯುತ್ತಿತ್ತು. ಎರಡನೆಯದು ಐಬಿಎಂ ಮತ್ತು ಫೀನಿಕ್ಸ್ ಸಂಸ್ಥೆಗಳು ಸೇರಿ ರೂಪಿಸಿದ, ಎಲ್ ಟೊರಿಟೊ ಎಂಬ ಉಪಾಹಾರಗೃಹದ ಹೆಸರನ್ನೇ ಹೊತ್ತ ಒಂದು ನಿಯಮಾವಳಿ. ಅದರಿಂದಾಗಿ, ಯಂತ್ರದೊಳಗಿನ ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ನೇರವಾಗಿ ತಟ್ಟೆಯಿಂದ ಗಣಕವನ್ನು ಚಾಲನೆಗೊಳಿಸುವುದು ಸಾಧ್ಯವಾಯಿತು.

ಅದೇ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದಿತ್ತು. ಆದರೆ ಆ ಕಾಲಕ್ಕೆ ಶೀಘ್ರವೆನಿಸಿದ, ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮಿನ ಮೂಲಕ ಒಂದು ಸಿಡಿಯಷ್ಟು ವಸ್ತುವನ್ನು ಇಳಿಸಿಕೊಳ್ಳಬೇಕಾದರೆ, ತಂತಿ ಒಮ್ಮೆಯೂ ಕಡಿಯಲಿಲ್ಲವೆಂದಿಟ್ಟುಕೊಂಡರೂ, ಐವತ್ತು ಗಂಟೆಗಳಿಗೆ ಮಿಕ್ಕಿ ಕಾಯಬೇಕಾಗಿತ್ತು. ಅದೇ ವಸ್ತುವನ್ನು ಜೇಬಿನಲ್ಲಿಟ್ಟು ಬೆಂಗಳೂರಿನಲ್ಲಿ ಬೆಳಿಗ್ಗೆ ಬಸ್ಸನ್ನೇರಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಕೋಲಾರವನ್ನು ದಾಟಿ ಶ್ರೀನಿವಾಸಪುರದಲ್ಲಿರುತ್ತಿದ್ದನು. ಆ ದಿನಗಳಲ್ಲಿ ಸರ್ಕಾರಿ ಬಸ್ಸು ಅಂತರಜಾಲಕ್ಕಿಂತ ವೇಗವಾದ ವಾಹನವಾಗಿದ್ದಿತೆಂದರೆ ಅದು ವಿನೋದವಲ್ಲ, ಲೆಕ್ಕಾಚಾರ.

ಈ ಲೆಕ್ಕವನ್ನು ನಮ್ಮಲ್ಲಿ ಮೊದಲು ಅರಿತು ಅದನ್ನೇ ಬಲವಾಗಿ ಮಾರ್ಪಡಿಸಿಕೊಂಡವರು ಗಣಕ ಮಾಸಪತ್ರಿಕೆಗಳವರು. ಅಮೆರಿಕದಲ್ಲಿ ಎಒಎಲ್ ಸಂಸ್ಥೆಯು ಕೋರದವರ ಮನೆಗೂ ತನ್ನ ತಟ್ಟೆಗಳನ್ನು ಅಂಚೆಯಲ್ಲಿ ಸುರಿಯುತ್ತಿದ್ದ ಕಾಲವದು. ಅಲ್ಲಿ ಅದು ಜಾಹೀರಾತಾದರೆ ಇಲ್ಲಿ ವಿದ್ಯಾಪ್ರಸಾರವೂ ಆಯಿತು. ಬೆಳಗಾವಿಯಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಅವರ ಉತ್ಸಾಹದಿಂದ 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯು ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ತಟ್ಟೆಯಲ್ಲಿ ತುಂಬಿ ಸಂಚಿಕೆಯೊಡನೆ ವಾಚಕರಿಗೆ ಹಂಚಿತು. ಪ್ರಪಂಚದ ಯಾವುದೋ ಮೂಲೆಗಳಲ್ಲಿ ಸಾವಿರಾರು ಜನ ಸೇರಿ ಬರೆದ, ನಕಲು ಮಾಡಲು ಯಾರ ಅಪ್ಪಣೆಯೂ ಬೇಡದ ಒಂದು ಮಹಾಕೃತಿಯು ಹೀಗೆ ದಿನಪತ್ರಿಕೆ, ವಾರಪತ್ರಿಕೆಗಳ ಪಕ್ಕದಲ್ಲಿ ನೇತುಬಿದ್ದು ಪುಸ್ತಕದಂಗಡಿಗಳಲ್ಲಿ ದೊರೆಯುವಂತಾಯಿತು. ಅದನ್ನು ಅನುಸ್ಥಾಪಿಸುವ ಕ್ರಮವನ್ನು ಪತ್ರಿಕೆಯ ಪುಟಗಳೇ ಹಂತಹಂತವಾಗಿ ಬೋಧಿಸುತ್ತಿದ್ದುವು. 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನಕ್ಕೂ ಚಿಟ್ನಿಸರೇ ಕಾರಣಪುರುಷರಲ್ಲೊಬ್ಬರು. 2013ರಲ್ಲಿ ಅವರು ತೀರಿಕೊಂಡಾಗ, ತಮ್ಮ ಮೊದಲ ಲಿನಕ್ಸನ್ನು ಅವರಿಂದ ಪಡೆದ ಒಂದು ತಲೆಮಾರೇ ಅವರನ್ನು ಸ್ಮರಿಸಿತು.

ಆದರೆ ಪತ್ರಿಕೆಯ ಲಿನಕ್ಸು ಇಂಗ್ಲಿಷ್ ಬಲ್ಲ ಕುತೂಹಲಿಗಳಿಗೆ ಸಂದ ವಸ್ತು. ಲಗ್ನಪತ್ರಿಕೆಯನ್ನು ಅಚ್ಚುಹಾಕಿಸಬೇಕಾದವನಿಗೆ, ಪಂಚಾಯಿತಿಯ ನಡವಳಿಯನ್ನು ಬರೆಯಬೇಕಾದವನಿಗೆ, ಶಾಲೆಯ ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸಬೇಕಾದ ಉಪಾಧ್ಯಾಯನಿಗೆ ಬೇಕಾಗಿದ್ದುದು ಕನ್ನಡ. ಅದನ್ನು ಕೊಟ್ಟವು ಎರಡು ತಂತ್ರಾಂಶಗಳು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ಕನ್ನಡಿಗರು ತಮ್ಮ ಬಿಡುವಿನ ವೇಳೆಯನ್ನು ವ್ಯಯಿಸಿ ರಚಿಸಿದ ‘ಬರಹ’ವು 1998ರಲ್ಲಿ ಹೊರಬಂದಿತು, ಒಂದು ದಶಕಕ್ಕೂ ಮಿಗಿಲಾಗಿ ಅದು ಉಚಿತವಾಗಿಯೇ ದೊರೆಯಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ಆಶ್ರಯದಲ್ಲಿ, ಕೆ. ಪಿ. ರಾಯರ ವಿನ್ಯಾಸವನ್ನೇ ಆಧರಿಸಿದ ಕೀಲಿಮಣೆಯೊಡನೆ ಸಿದ್ಧಪಡಿಸಿದ ‘ನುಡಿ’ಯು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಂದು, ಸರ್ಕಾರಿ ಕಚೇರಿಗಳ ಅಧಿಕೃತ ಸಾಧನವಾಯಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶದ ಭವಿಷ್ಯವನ್ನು ಕುರಿತು ಆಸ್ಥೆಯಿಂದ ವಾದಿಸಿದ್ದೂ, ಈ ಎರಡು ತಂತ್ರಾಂಶಗಳ ಪಕ್ಷಪಾತಿಗಳು ಪರಸ್ಪರ ಕಾದಾಡಿದ್ದೂ ಆ ಕಾಲದ ಪತ್ರಿಕೆಗಳನ್ನೋದಿದವರಿಗೆ ನೆನಪಿರಬಹುದು. ಹಳ್ಳಿಯ ಬಳಕೆದಾರನಿಗೆ ಆ ವಾದಗಳೊಂದೂ ತಿಳಿಯದು. ಎರಡೂ ಬಿಟ್ಟಿ, ಎರಡನ್ನೂ ನಕಲು ಮಾಡಿದರೆ ಕೇಳುವವರಿಲ್ಲ ಎಂಬಷ್ಟು ಮಾತ್ರ ಅವನಿಗೆ ತಿಳಿದಿತ್ತು; ಅಷ್ಟೇ ಸಾಕಾಗಿತ್ತು.

ಗಣಕದಲ್ಲಿ ಅಕ್ಷರ ಜೋಡಿಸಿಕೊಡುವ ಡಿಟಿಪಿ ಅಂಗಡಿಯೊಂದರಲ್ಲಿ ಆ ತಟ್ಟೆ ಏನು ಮಾಡುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡೋಣ. ಗುಂಡಿಯನ್ನೊತ್ತಿದರೆ ಯಂತ್ರದ ಮುಂಬದಿಯಿಂದ ತಟ್ಟೆ ಹಿಡಿಯುವ ಹಲಗೆ ಹೊರಚಾಚುತ್ತದೆ. ಹೊಳೆಯುವ ಮೈ ಕೆಳಕ್ಕಿರುವಂತೆ ಸಿಡಿಯನ್ನಿಟ್ಟು ಒಳಕ್ಕೆ ನೂಕಿದರೆ, ಒಳಗೆ ಅದು ಗಿರ್ರೆಂದು ಸುತ್ತುವ ಸದ್ದು, ಸಣ್ಣ ದೀಪದ ಮಿನುಗು, ಅನಂತರ ತೆರೆಯ ಮೇಲೆ ಕಿಟಕಿಯೊಂದು. ಮುಂದೆ, ಮುಂದೆ, ಮುಗಿಯಿತು ಎಂಬ ಮೂರು ನಾಲ್ಕು ಒತ್ತುಗಳಲ್ಲಿ ಅಕ್ಷರಶೈಲಿಗಳೂ ಕೀಲಿಮಣೆಯ ಚಾಲಕವೂ ತಂತಮ್ಮ ಸ್ಥಾನಗಳಿಗೆ ಹೋಗಿ ಕೂರುತ್ತವೆ. ನುಡಿಯಲ್ಲಾದರೆ ಸ್ಕ್ರೋಲ್ ಲಾಕ್ ಎಂಬ, ಬೇರಾವ ಕೆಲಸಕ್ಕೂ ಬಾರದೆ ಕೀಲಿಮಣೆಯ ಮೂಲೆಯಲ್ಲಿ ಸುಮ್ಮನಿದ್ದ ಕೀಲಿಯನ್ನೊತ್ತಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುತ್ತಿತ್ತು. ಬರಹದಲ್ಲಿ ಆ ಕೆಲಸ ಎಫ್ 11ರದು. ಆಮೇಲೆ ‘ಯಲ್ದೂರು’ ಎಂದು ಬರೆಯಬೇಕಾದರೆ, ನುಡಿಯವನು ವೈ, ಎಲ್, ಒತ್ತಕ್ಷರವನ್ನು ಕೂಡಿಸುವುದಕ್ಕೆ ಎಫ್, ಡಿ, ಶಿಫ್ಟ್ ಹಿಡಿದು ಯು, ಆರ್, ಮತ್ತೆ ಯು ಎಂದು ಒತ್ತುವನು. ಬರಹದವನು ವೈ, ಎ, ಎಲ್, ಡಿ, ಶಿಫ್ಟ್ ಹಿಡಿದು ಯು, ಆರ್, ಯು ಎಂದು. ಒಬ್ಬನ ಕ್ರಮದಲ್ಲಿ ಅಕಾರವು ಅಂತರ್ಗತ, ಸಂಯೋಗವು ಸ್ಪಷ್ಟ; ಇನ್ನೊಬ್ಬನ ಕ್ರಮದಲ್ಲಿ ಅಕಾರವು ಸ್ಪಷ್ಟ, ಸಂಯೋಗವು ಅಂತರ್ಗತ; ಎರಡರಲ್ಲಿಯೂ ಏಳೇ ಅಕ್ಷರದ ಕೀಲಿಗಳು. ಬೆರಳಚ್ಚಿನ ಪರೀಕ್ಷೆಗೆ ಎಂದೂ ಕೂತಿರದ ಹುಡುಗನೊಬ್ಬನು ಒಂದು ಮಧ್ಯಾಹ್ನದೊಳಗೆ ತನ್ನ ಊರಿನ ಹೆಸರನ್ನು ಬರೆಯಬಲ್ಲವನಾಗುತ್ತಿದ್ದುದು ಈ ಏರ್ಪಾಡಿನಿಂದ. ಗಡಿಸೀಮೆಯಲ್ಲಿ ಇದಕ್ಕೆ ಇನ್ನೂ ಒಂದು ಪ್ರಯೋಜನವಿತ್ತು: ಕಿವಿಗೆ ಕೇಳಿದಂತೆ ಬರೆಯುವ ಕ್ರಮವಾದ್ದರಿಂದ, ಬರಹವು ತೆಲುಗನ್ನೂ ಒಳಗೊಂಡಾಗ, ಮನೆಮಾತನ್ನೂ ಶಾಲೆಯ ಮಾತನ್ನೂ ಒಂದೇ ಬೆರಳ ಅಭ್ಯಾಸದಿಂದ ಬರೆಯುವ ಅನುಕೂಲ ಒದಗಿತು.

ಸಿಡಿಯು ಊರಿಂದೂರಿಗೆ ಹಬ್ಬಿದ್ದಕ್ಕೆ ಔದಾರ್ಯವೊಂದೇ ಕಾರಣವಲ್ಲ; ಒಂದು ದೋಷವೂ ಕಾರಣವಾಯಿತು. ಆ ಕಾಲದ ಕನ್ನಡ ಅಕ್ಷರಶೈಲಿಗಳು ರೋಮನ್ ಲಿಪಿಯ ಸಂಕೇತಗಳಿಗೆ ಕನ್ನಡದ ವೇಷವನ್ನು ತೊಡಿಸಿದವು. ಆ ವೇಷವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ, ‘ಕನ್ನಡ’ವೆಂಬ ಶಬ್ದವೇ ತಲೆಯ ಮೇಲೆ ಗೀರೆಳೆದ ಎ ಅಕ್ಷರಗಳೂ ನಡುವೊಂದು ಪೌಂಡ್ ನಾಣ್ಯದ ಗುರುತೂ ಸೇರಿದ ನಿರರ್ಥಕ ಸಾಲಾಗಿ ಕಾಣುತ್ತಿತ್ತು. ಜಿಲ್ಲಾ ಕಚೇರಿಯಿಂದ ಬಂದ ಸುತ್ತೋಲೆಯನ್ನು ತಾಲ್ಲೂಕಿನವನು ಓದಬೇಕಾದರೆ, ಶಾಲೆಯಿಂದ ಹೋದ ವರದಿಯನ್ನು ಕಚೇರಿಯವನು ಓದಬೇಕಾದರೆ, ಅಲ್ಲಿಯೂ ಇಲ್ಲಿಯೂ ಅದೇ ತಂತ್ರಾಂಶ ಇರಲೇಬೇಕಾಯಿತು. ಆದ್ದರಿಂದ ಪತ್ರ ಹೋದಲ್ಲಿಗೆಲ್ಲ ಸಿಡಿಯೂ ಹಿಂಬಾಲಿಸಿತು. ಹತ್ತಿಪ್ಪತ್ತು ರೂಪಾಯಿಗೆ ದೊರೆಯುತ್ತಿದ್ದ ಖಾಲಿ ತಟ್ಟೆಯ ಮೇಲೆ ಮಾರ್ಕರ್ ಲೇಖನಿಯಿಂದ ‘ನುಡಿ’ ಎಂದು ಬರೆದು ಮೇಜಿನ ಸೆಳೆಖಾನೆಯಲ್ಲಿಟ್ಟುಕೊಳ್ಳದ ಡಿಟಿಪಿ ಅಂಗಡಿಯೇ ವಿರಳವಾಗಿದ್ದಿತು. ನಕಲಿಗೆ ತಡೆಯಿದ್ದ ತಂತ್ರಾಂಶಗಳು ಉತ್ತಮವಾಗಿದ್ದರೂ ಪಟ್ಟಣದಲ್ಲಿಯೇ ನಿಂತವು; ನಕಲಿಗೆ ತೆರೆದಿದ್ದವು ಹೋಬಳಿಯನ್ನು ಮುಟ್ಟಿದವು.

ಈ ವೇಷಧಾರಣೆಗೆ ಪರಿಹಾರವು, ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿದ ಯೂನಿಕೋಡ್ ರೂಪದಲ್ಲಿ, 1991ರಿಂದಲೇ ಇದ್ದಿತು. 2001ರ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯನ್ನೂ ಕೊಟ್ಟಿತು. ಆದರೆ ಅಲ್ಲೊಂದು ವಿಲಕ್ಷಣವಾದ ಅಡಚಣೆ. ಭಾರತೀಯ ಲಿಪಿಗಳ ಬೆಂಬಲವು ಯಂತ್ರದಲ್ಲಿ ಸಿದ್ಧವಾಗಿರದೆ, ಪ್ರಾದೇಶಿಕ ಆಯ್ಕೆಗಳ ಪುಟಕ್ಕೆ ಹೋಗಿ ಗುರುತು ಹಾಕಿದ ಮೇಲೆ, ವಿಂಡೋಸಿನ ಮೂಲ ಸಿಡಿಯನ್ನು ಒಳಗಿಡೆಂದು ಕೇಳುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ತಂದ ಗಣಕದೊಡನೆ ಮೂಲ ಸಿಡಿಯೆಲ್ಲಿಂದ ಬರಬೇಕು? ತಟ್ಟೆಯೊಂದು ಇಲ್ಲದ ಕಾರಣಕ್ಕಾಗಿ, ಕನ್ನಡವು ತೆರೆಯ ಮೇಲೆ ಬರಲಾರದೆ ಉಳಿದ ಯಂತ್ರಗಳು ಅಸಂಖ್ಯಾತ. ತಯಾರಿಸಿದವರು ಪಡಬೇಕಾಗಿದ್ದ ಶ್ರಮದಲ್ಲಿ ಕಡೆಯ ಒಂದು ತುಣುಕನ್ನು ಬಳಸುವವನ ತಲೆಗೆ ಕಟ್ಟಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಕೇಂದ್ರ ಸರ್ಕಾರವೂ ಈ ಕ್ಷೇತ್ರಕ್ಕೆ ಇಳಿಯಿತು. ಭಾರತೀಯ ಭಾಷೆಗಳ ತಂತ್ರಜ್ಞಾನವನ್ನು ಬೆಳೆಸುವ ಇಲಾಖೆಯ ಯೋಜನೆಯಡಿ, ಪುಣೆಯ ಸಿಡ್ಯಾಕ್ ಸಂಸ್ಥೆಯ ಕೈಯಿಂದ ಸಿದ್ಧವಾದ ಉಚಿತ ಸಿಡಿಗಳಲ್ಲಿ ಮೊದಲನೆಯದಾದ ತಮಿಳಿನದು 2005ರ ಏಪ್ರಿಲ್‌ನಲ್ಲಿ, ಹಿಂದಿಯದು ಅದೇ ವರ್ಷದ ಜೂನ್‌ನಲ್ಲಿ ಬಿಡುಗಡೆಯಾದವು; ಕನ್ನಡವೂ ಸೇರಿ ಇತರ ಭಾಷೆಗಳವು ಅನಂತರ ಹಿಂಬಾಲಿಸಿದವು. ಅಕ್ಷರಶೈಲಿಗಳು, ಕೀಲಿಮಣೆ ಚಾಲಕಗಳು, ಭಾರತೀಯ ಓಪನ್ ಆಫೀಸ್, ಫೈರ್‌ಫಾಕ್ಸ್ ಜಾಲವೀಕ್ಷಕ, ಮಿಂಚಂಚೆಯ ಸಾಧನ, ಶಬ್ದಕೋಶ, ಬೆರಳಚ್ಚು ಬೋಧಕ, ಇವೆಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು ವಿಳಾಸ ಕೊಟ್ಟವರ ಮನೆಗೆ ಹಣ ಕೇಳದೆ ಕಳುಹಿಸಿಕೊಡಲಾಯಿತು. ವಸ್ತುಸಂಪತ್ತಿನಲ್ಲಿ ಇದಕ್ಕೆ ಸಮನಾದುದಿರಲಿಲ್ಲ. ಆದರೂ ಹೋಬಳಿಯ ಮೇಜಿನ ಮೇಲೆ ನುಡಿ, ಬರಹಗಳ ಸ್ಥಾನವನ್ನು ಅದು ಕಸಿದುಕೊಳ್ಳಲಾರದೆ ಹೋಯಿತು. ಹತ್ತು ಉಪಕರಣಗಳನ್ನು ಒಟ್ಟಿಗೆ ಕೊಡುವುದಕ್ಕಿಂತ, ಬೇಕಾದ ಒಂದನ್ನು ಪಕ್ಕದಂಗಡಿಯ ಪರಿಚಿತನು ತೋರಿಸಿಕೊಡುವುದೇ ಹೊಸಬನಿಗೆ ಹೆಚ್ಚಿನ ಧೈರ್ಯ.

ಪರಿಚಿತನ ಈ ಪಾತ್ರವು ಎಷ್ಟು ದೊಡ್ಡದೆಂಬುದನ್ನು ತೋರಿಸಿದುದು ಶಾಲೆಗಳ ಅನುಭವ. ಹೊಸ ಶತಮಾನದ ಆದಿಯಲ್ಲಿ ರಾಜ್ಯ ಸರ್ಕಾರದ ಮಾಹಿತಿ ಸಿಂಧು ಯೋಜನೆಯು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ಒಯ್ಯಲು ಹೊರಟಿತು. ಅದೇ ಹೊತ್ತಿಗೆ, 2001ರಲ್ಲಿ ಕಾರ್ಯಾರಂಭ ಮಾಡಿದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಗ್ರಾಮೀಣ ಪ್ರಾಥಮಿಕ ಶಾಲೆಗಳ ಮಕ್ಕಳಿಗಾಗಿ ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಪಾಠದ ಸಿಡಿಗಳನ್ನು ನಿರ್ಮಿಸಿತು. ಓದು ಬಾರದ ಮಗುವೂ ಚಿತ್ರವನ್ನೊತ್ತಿ ಮುಂದುವರಿಯಬಹುದಾದಂತೆ, ಲೆಕ್ಕವು ಆಟವಾಗಿ, ಪರಿಸರವು ಕಥೆಯಾಗಿ ಬರುವಂತೆ ರಚಿಸಿದ ಆ ತಟ್ಟೆಗಳ ಮುಂದೆ ಮೂವರು ನಾಲ್ವರು ಮಕ್ಕಳು ಒಂದೇ ಮೌಸಿಗೆ ಕೈಹಾಕುತ್ತ ಕೂರುತ್ತಿದ್ದರು. ಸುಲಭತೆಯ ದೃಷ್ಟಿಯಿಂದ ಅದು ಆ ಯುಗದ ಶಿಖರವೆನ್ನಬೇಕು. ಆದರೆ ಕೆಲವು ವರ್ಷಗಳ ಅನುಭವದ ತರುವಾಯ ಪ್ರತಿಷ್ಠಾನವು ತನ್ನ ಕಾರ್ಯವನ್ನು ತಾನೇ ವಿಮರ್ಶಿಸಿಕೊಂಡಿತು. ಅದರ ಮುಖಂಡರಲ್ಲೊಬ್ಬರಾದ ಅನುರಾಗ್ ಬೆಹರ್ 2010ರಲ್ಲಿ, ಶಿಕ್ಷಣದಲ್ಲಿ ತಂತ್ರಜ್ಞಾನಕ್ಕೆ ಇರುವ ಮಿತಿಯನ್ನು ಕುರಿತು ಬಹಿರಂಗವಾಗಿ ಬರೆದರು. ಉಪಾಧ್ಯಾಯನು ಸಮರ್ಥನಾಗಿರುವಲ್ಲಿ ಗಣಕವು ಅವನಿಗೆ ನೆರವಾದೀತು. ಅವನು ಇಲ್ಲದೆಡೆಯಲ್ಲಿ ತಟ್ಟೆಯು ಅವನ ಸ್ಥಾನವನ್ನು ತುಂಬಲಾರದು. ಕೋಟಿಗಟ್ಟಲೆ ವ್ಯಯಿಸಿದ ಸಂಸ್ಥೆಯೊಂದು ಹೀಗೆ ನಿಸ್ಸಂಕೋಚವಾಗಿ ನುಡಿದುದು ನಮ್ಮ ಸ್ವಯಂಸೇವಾ ಸಂಸ್ಥೆಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಇನ್ನೊಂದು ಜಾತಿಯ ತಟ್ಟೆಯು ಹೊಸಬನ ಭಯವನ್ನೇ ಗುರಿಯಾಗಿಟ್ಟುಕೊಂಡಿತು. ಜರ್ಮನಿಯ ಕ್ಲೌಸ್ ನಾಪರ್ 2000ದಲ್ಲಿ ಹೊರತಂದ ನಾಪಿಕ್ಸ್, ಹಾರ್ಡ್ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದೆ ತಟ್ಟೆಯಿಂದಲೇ ಪೂರ್ಣ ಲಿನಕ್ಸನ್ನು ನಡೆಸಿತೋರಿಸಿತು. ‘ಏನಾದರೂ ಕೆಟ್ಟುಹೋದರೆ?’ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಪೂರ್ಣವಾಗಿತ್ತು: ತಟ್ಟೆಯನ್ನು ತೆಗೆದು ಯಂತ್ರವನ್ನು ಮತ್ತೆ ಹಚ್ಚಿದರೆ ಎಲ್ಲವೂ ಮೊದಲಿನಂತೆ. 2004ರ ಅಕ್ಟೋಬರಿನಲ್ಲಿ ಆರಂಭವಾದ ಉಬುಂಟು ಈ ವಿಧಾನವನ್ನು ತನ್ನದಾಗಿಸಿಕೊಂಡು, ಜಗತ್ತಿನ ಯಾವ ವಿಳಾಸಕ್ಕಾದರೂ ಅಂಚೆವೆಚ್ಚವನ್ನೂ ಕೇಳದೆ ಸಿಡಿಗಳನ್ನು ಕಳುಹಿಸಿತು. ಹತ್ತು ವಾರಗಳವರೆಗೂ ಕಾಯಬೇಕಾದರೂ, ವಿದೇಶದ ಲಕೋಟೆಯೊಂದನ್ನು ಅಂಚೆಯವನು ಮನೆಬಾಗಿಲಿಗೆ ತಂದುಕೊಡುವ ಸಂಭ್ರಮವನ್ನು ಕರ್ನಾಟಕದ ಎಷ್ಟೋ ವಿದ್ಯಾರ್ಥಿಗಳು ಅನುಭವಿಸಿದರು. ಸಿಡ್ಯಾಕ್ ಸಂಸ್ಥೆ ಬಾಸ್ ಎಂಬ ಭಾರತೀಯ ಲಿನಕ್ಸನ್ನು ಇದೇ ರೀತಿ ಪ್ರಚುರಪಡಿಸಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು 2011ರಿಂದ ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗೆ ನಡೆಸಿದ ಶಿಬಿರಗಳಲ್ಲಿ, ಜಿಯೋಜಿಬ್ರಾದಂಥ ಗಣಿತದ ಸಾಧನಗಳನ್ನೂ ಕನ್ನಡದ ಬರೆಹವನ್ನೂ ಮೊದಲೇ ಅಳವಡಿಸಿದ ‘ಕಲ್ಪವೃಕ್ಷ’ವೆಂಬ ಉಬುಂಟು ರೂಪವನ್ನು ಹಂಚಿತು. ಇಲ್ಲಿ ತಟ್ಟೆಯೊಡನೆ ತೋರಿಸಿಕೊಡುವ ಮನುಷ್ಯನೂ ಇದ್ದನೆಂಬುದು, ಹಿಂದಿನ ದಶಕದ ಪಾಠವನ್ನು ಕಲಿತುದರ ಲಕ್ಷಣ.

ಸುಲಭತೆಗೆ ಒಂದು ಕರಾಳ ಮುಖವೂ ಇದೆ. ಅದನ್ನು ಹೇಳದೆ ಬಿಟ್ಟರೆ ವೃತ್ತಾಂತ ಅಪೂರ್ಣ. ಒಳಗಿಟ್ಟ ಕೂಡಲೆ ನಡೆಯುವ ಕಾರ್ಯಕ್ರಮವು ಯಾರದೆಂದು ಯಂತ್ರವು ಕೇಳುವುದಿಲ್ಲ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆಯ ಹಾಡಿನ ಸಿಡಿಗಳು, ನಕಲನ್ನು ತಡೆಯುವ ನೆಪದಲ್ಲಿ, ಬಳಕೆದಾರನ ಕಣ್ಣಿಗೆ ಬೀಳದಂತೆ ಅಡಗಿ ಕೂರುವ ತಂತ್ರಾಂಶವನ್ನು ಗಣಕಗಳೊಳಗೆ ಸೇರಿಸುತ್ತಿದ್ದುದು ಬಯಲಾಗಿ ದೊಡ್ಡ ಹಗರಣವೆದ್ದಿತು. 2008ರಲ್ಲಿ ತಲೆಯೆತ್ತಿದ ಕಾನ್‌ಫಿಕರ್ ಎಂಬ ವೈರಸ್ಸು ಪೆನ್‌ಡ್ರೈವಿನಲ್ಲಿ ಅದೇ ಆಟೋರನ್ ಕಡತವನ್ನು ಬರೆದುಕೊಂಡು ದೇಶದೇಶಗಳನ್ನು ಸುತ್ತಿತು. ನಮ್ಮ ಡಿಟಿಪಿ ಅಂಗಡಿಗಳಲ್ಲಿಯೂ ಸೈಬರ್ ಕೆಫೆಗಳಲ್ಲಿಯೂ ಗಿರಾಕಿಯ ಪೆನ್‌ಡ್ರೈವನ್ನು ಕಂಡರೆ ಮಾಲೀಕನು ಹೌಹಾರುವ ಪರಿಸ್ಥಿತಿ ಬಂದಿತು. ಕೊನೆಗೆ 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹಳೆಯ ವಿಂಡೋಸುಗಳಲ್ಲಿಯೂ ಪೆನ್‌ಡ್ರೈವಿಗೆ ಆಟೋರನ್ನಿನ ಬಾಗಿಲನ್ನು ಮುಚ್ಚಿತು. ಹದಿನಾರು ವರ್ಷಗಳ ಹಿಂದೆ ಹೊಸಬನ ಹಿತಕ್ಕಾಗಿ ತೆರೆದ ಬಾಗಿಲನ್ನು, ಆ ಹೊಸಬನ ಹಿತಕ್ಕಾಗಿಯೇ ಮುಚ್ಚಬೇಕಾಯಿತು.

ಅದೇ 2011ರಲ್ಲಿ ಉಬುಂಟು ತನ್ನ ಉಚಿತ ಸಿಡಿಗಳ ರವಾನೆಯನ್ನು ನಿಲ್ಲಿಸಿತು. ಅಗಲಪಟ್ಟಿಯ ಅಂತರಜಾಲವೂ ಅದರ ಹಿಂದೆಯೇ ಮೊಬೈಲೂ ಹಬ್ಬಿದವು; ತಟ್ಟೆಯ ಹಲಗೆಯೇ ಇಲ್ಲದ ಗಣಕಗಳು ಸಾಮಾನ್ಯವಾದವು. 2012ರಲ್ಲಿ ರಾಜ್ಯ ಸರ್ಕಾರವು ಯೂನಿಕೋಡನ್ನು ಕನ್ನಡದ ಶಿಷ್ಟತೆಯೆಂದು ಅಂಗೀಕರಿಸಿದ ಮೇಲೆ, ಪತ್ರದ ಹಿಂದೆ ತಂತ್ರಾಂಶವನ್ನೂ ಕಳುಹಿಸಬೇಕಾದ ಅಗತ್ಯವು ಕ್ರಮೇಣ ತಪ್ಪಿತು. ಸಿಡಿಯು ತನ್ನ ಕೆಲಸವನ್ನು ಮುಗಿಸಿ ಹೊರಟುಹೋಯಿತು.

ಹೋದುದರಲ್ಲಿ ಉಳಿದುದೇನು, ಕಳೆದುದೇನು ಎಂದು ಕೇಳಿಕೊಳ್ಳುವುದು ಇತಿಹಾಸದ ಕರ್ತವ್ಯ. ಉಳಿದುದು ಕೀಲಿಮಣೆ. ಕೆ. ಪಿ. ರಾಯರ ತತ್ತ್ವದ ಮೇಲೆ ಗಣಕ ಪರಿಷತ್ತು ನಿಲ್ಲಿಸಿದ ವಿನ್ಯಾಸವು ‘ಕಗಪ’ವೆಂಬ ಹೆಸರಿನಿಂದ ಇಂದು ಲಿನಕ್ಸ್ ವ್ಯವಸ್ಥೆಗಳೊಳಗೆ ಮೊದಲೇ ಸೇರಿಕೊಂಡು ಬರುತ್ತದೆ, ಒಂದು ಕಾಲಕ್ಕೆ ತಟ್ಟೆಯಿಂದ ಹೊರಗಿನ ಅತಿಥಿಯಾಗಿ ಬರಬೇಕಾಗಿದ್ದುದು ಈಗ ಮನೆಯವನಾಗಿದೆ. ಕಳೆದುದು, ಬಹುಶಃ, ಹಂಚುವ ಸ್ವಾತಂತ್ರ್ಯ. ಇಂದಿನ ಮೊಬೈಲಿನಲ್ಲಿ ಒಂದು ತಂತ್ರಾಂಶವನ್ನು ಇಳಿಸಿಕೊಳ್ಳುವುದು ಸಿಡಿಗಿಂತ ನೂರು ಪಾಲು ಸುಲಭ. ಆದರೆ ಅದನ್ನು ಪಕ್ಕದವನಿಗೆ ಕೈಯೆತ್ತಿ ಕೊಡುವುದು, ನಿರ್ಮಿಸಿದವನು ಹಿಂತೆಗೆದುಕೊಂಡ ಮೇಲೂ ಇಟ್ಟುಕೊಳ್ಳುವುದು, ಖಾತೆಯ ಹೆಸರು ಹೇಳದೆ ಬಳಸುವುದು ಅಷ್ಟು ಸುಲಭವಲ್ಲ. ನುಡಿಯ ಸಿಡಿಯನ್ನು ಶ್ರೀನಿವಾಸಪುರದಿಂದ ಯಲ್ದೂರಿಗೆ ಒಯ್ಯುವವನು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಆ ಯುಗದ ಯಶಸ್ಸಿಗೆ ತಂತ್ರಜ್ಞರ ಜಾಣ್ಮೆ ಎಷ್ಟು ಕಾರಣವೋ, ತಾವು ಪಟ್ಟ ಶ್ರಮದ ಫಲವನ್ನು ಮುಚ್ಚಿಟ್ಟುಕೊಳ್ಳದೆ ಬಿಟ್ಟುಕೊಟ್ಟ ಔದಾರ್ಯವೂ ಅಷ್ಟೇ ಕಾರಣ. ಮುಂದೆ ಕನ್ನಡಕ್ಕೆ ಯಾವ ಹೊಸ ಸಾಧನ ಬಂದರೂ, ಅದನ್ನು ಬಳಸುವುದು ಎಷ್ಟು ಸುಲಭವೆಂದು ಕೇಳುವುದರ ಜೊತೆಗೆ, ಅದನ್ನು ಇನ್ನೊಬ್ಬನಿಗೆ ದಾಟಿಸುವುದು ಎಷ್ಟು ಸುಲಭವೆಂದೂ ಕೇಳಬೇಕೆಂಬುದೇ ಈ ಒಂದೂವರೆ ದಶಕವು ನಮಗೆ ಬಿಟ್ಟುಹೋದ ವಿವೇಕ.